ಡಯಾಲಿಸಿಸ್ ನಡೆಯುತ್ತಿರುವಾಗ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ

ಪ್ರಶ್ನೆ: ನಮ್ಮ ತಂದೆಯವರಿಗೆ 63 ವರ್ಷ. ಮೂತ್ರಪಿಂಡಗಳು ವಿಫಲವಾಗಿ ಏಳು ವರ್ಷಗಳಿಂದ ಕಾಸರಗೋಡಿನಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಈಚೆಗೆ ಸೊಂಟನೋವು ಕಾಲಿಗಿಳಿದು, ಸ್ವಲ್ಪ ದೂರ ನಡೆದರೂ ಕುಳಿತುಕೊಳ್ಳಬೇಕಾಗುತ್ತದೆ. ಮಂಗಳೂರಿನ ವೈದ್ಯರೊಬ್ಬರು ಸ್ಕ್ರೂ, ರಾಡ್ ಹಾಕುವ ಶಸ್ತ್ರಚಿಕಿತ್ಸೆ ಬೇಕೆಂದಿದ್ದಾರೆ. ಡಯಾಲಿಸಿಸ್ ನೋಡಿಕೊಳ್ಳುವ ವೈದ್ಯರು ಹಿಂಜರಿಯುತ್ತಿದ್ದಾರೆ. ನಾವು ಯಾರ ಮಾತು ಕೇಳಬೇಕು?
— ಓದುಗರು, ಬದಿಯಡ್ಕ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತೀರ್ಮಾನಕ್ಕೆ ಅತ್ಯಗತ್ಯವಾದ ಒಂದು ಸಂಗತಿ ನಿಮ್ಮ ಪತ್ರದಲ್ಲಿಲ್ಲ. ಅದು ಕಾಲಿನ ಬಲ. ತಂದೆಯವರು ಹಿಮ್ಮಡಿಯ ಮೇಲೂ ಬೆರಳುಗಳ ಮೇಲೂ ನಿಲ್ಲಬಲ್ಲರೇ, ನಡೆಯುವಾಗ ಪಾದ ಎಳೆಯುತ್ತದೆಯೇ ಎಂಬುದನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿರಿ. ಬಲ ಕುಂದದೆ ನೋವಷ್ಟೇ ಇದ್ದರೆ ಅವಸರಪಡಬೇಕಾಗಿಲ್ಲ. ಫಿಸಿಯೋಥೆರಪಿ ಮತ್ತು ಮಿತವಾದ ಪ್ಯಾರಾಸಿಟಮಾಲ್‌ನೊಂದಿಗೆ ಕೆಲವು ವಾರ ಕಾದು ನೋಡಬಹುದು. ಬಲ ದಿನೇದಿನೇ ಇಳಿಯುತ್ತಿದ್ದರೆ, ಗುದದ್ವಾರದ ಸುತ್ತ ಮತ್ತು ತೊಡೆಸಂದಿಯಲ್ಲಿ ಮರಗಟ್ಟಿದರೆ ಅಥವಾ ಮಲದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆನ್ನಿನ ನರಗಳು ತೀವ್ರವಾಗಿ ಒತ್ತಲ್ಪಡುತ್ತಿರುವುದರ ಗುರುತುಗಳಿವು. ಉಳಿದ ರೋಗಿಗಳಲ್ಲಿ ಮೂತ್ರ ಕಟ್ಟಿಕೊಳ್ಳುವುದೂ ಈ ಅಪಾಯದ ಸೂಚನೆ. ಹಲವು ವರ್ಷ ಡಯಾಲಿಸಿಸ್ ಆದವರಿಗೆ ಮೂತ್ರವೇ ಬಹಳ ಕಡಿಮೆಯಾಗಿರುವುದರಿಂದ ಆ ಸೂಚನೆ ಸಿಗದೆ ಹೋಗಬಹುದು. ಮನೆಯವರು ಇದನ್ನು ದಯವಿಟ್ಟು ನೆನಪಿಡಬೇಕು.

ಹಿಂಜರಿಕೆಗೂ ಬಲವಾದ ಕಾರಣಗಳಿವೆ. ಡಯಾಲಿಸಿಸ್ ರೋಗಿಗಳಲ್ಲಿ ಇಂಥ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಸಾವಿನ ಸಂಭವವೂ ಇತರರಿಗಿಂತ ಹೆಚ್ಚು. ಹೃದಯ ಬಳಲಿರುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಸರಿಯಿದ್ದರೂ ಅವು ಚೆನ್ನಾಗಿ ಕೆಲಸ ಮಾಡದೆ ರಕ್ತಸ್ರಾವ ಹೆಚ್ಚಬಹುದು, ಸೋಂಕು ಬೇಗ ತಗಲುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಮೂಳೆಯದು. ಮೂತ್ರಪಿಂಡ ಕೆಟ್ಟಾಗ ರಕ್ತದಲ್ಲಿ ರಂಜಕ ಏರಿ, ಡಿ ಜೀವಸತ್ವ ಸಕ್ರಿಯಗೊಳ್ಳದೆ, ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ಸ್ರವಿಸಿ ಮೂಳೆಯ ಸುಣ್ಣಾಂಶವನ್ನು ಕರಗಿಸುತ್ತವೆ. ದೀರ್ಘಕಾಲ ಡಯಾಲಿಸಿಸ್ ಆದವರಲ್ಲಿ ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಬೆನ್ನುಮೂಳೆಯ ಡಿಸ್ಕ್‌ಗಳಲ್ಲಿ ಶೇಖರವಾಗಿ ಅವನ್ನು ಕೆಡಿಸುವುದೂ ಉಂಟು. ಗೆದ್ದಲು ಹಿಡಿದ ತೊಲೆಗೆ ಹೊಡೆದ ಮೊಳೆಯಂತೆ, ಇಂಥ ಮೂಳೆಯಲ್ಲಿ ಸ್ಕ್ರೂ ಸಡಿಲಗೊಳ್ಳಬಹುದು. ಆದುದರಿಂದ ನರದ ಮೇಲಿನ ಒತ್ತಡವನ್ನಷ್ಟೇ ಬಿಡಿಸಿದರೆ ಸಾಲದೇ, ಸ್ಕ್ರೂ ಏಕೆ ಅನಿವಾರ್ಯ ಎಂದು ಶಸ್ತ್ರವೈದ್ಯರನ್ನು ನೇರವಾಗಿ ಕೇಳಿರಿ. ಮೇಲೆ ಹೇಳಿದ ಪ್ರೋಟೀನ್‌ನಿಂದ ಡಿಸ್ಕ್‌ಗಾದ ಹಾನಿ ಎಂ.ಆರ್.ಐ.ಯಲ್ಲಿ ಕೆಲವೊಮ್ಮೆ ಸೋಂಕಿನಂತೆಯೇ ಕಾಣುತ್ತದೆ. ನಿಜವಾದ ಸೋಂಕು ಇಲ್ಲವೆಂಬುದೂ ಮೊದಲೇ ಖಚಿತವಾಗಬೇಕು.

ಶಸ್ತ್ರಚಿಕಿತ್ಸೆಯೇ ನಿಶ್ಚಯವಾದರೆ, ಸಾಮಾನ್ಯವಾಗಿ ಹಿಂದಿನ ದಿನ ಡಯಾಲಿಸಿಸ್ ಮಾಡಿ ಪೊಟ್ಯಾಸಿಯಂ ಮತ್ತು ದೇಹದ ನೀರಿನಂಶವನ್ನು ಹತೋಟಿಗೆ ತರುತ್ತಾರೆ. ನಂತರದ ಮೊದಲ ಡಯಾಲಿಸಿಸ್‌ಗಳನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯಿಲ್ಲದೆ ನಡೆಸುವುದು ಲೇಸು, ಏಕೆಂದರೆ ಗಾಯದೊಳಗೆ ರಕ್ತ ಸೋರಿ ತುಂಬಿಕೊಂಡರೆ ಆಗಷ್ಟೇ ಬಿಡಿಸಿದ ನರ ಮತ್ತೆ ಒತ್ತಲ್ಪಡುತ್ತದೆ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಮಾಡಿದ ರಕ್ತನಾಳಗಳ ಜೋಡಣೆ) ಇರುವ ಕೈಗೆ ಡಯಾಲಿಸಿಸ್‌ಗಲ್ಲದೆ ಬೇರೆ ಸೂಜಿ ಚುಚ್ಚಬಾರದು, ರಕ್ತದೊತ್ತಡದ ಪಟ್ಟಿ ಕಟ್ಟಬಾರದು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬೇಡ. ಮಾರ್ಫಿನ್‌ನ ಅಂಶಗಳು ದೇಹದಲ್ಲೇ ಉಳಿದು ಉಸಿರಾಟವನ್ನು ಕುಗ್ಗಿಸಬಹುದು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಬರೆದರೆ ಪ್ರಮಾಣ ತೀರಾ ಕಡಿಮೆಯಿರಬೇಕು.

ಡಯಾಲಿಸಿಸ್ ಘಟಕವೂ ಮೂತ್ರಪಿಂಡ ತಜ್ಞರೂ ಅದೇ ಆಸ್ಪತ್ರೆಯಲ್ಲಿ ಇರಲೇಬೇಕು. ಹಸಿಗಾಯದ ರೋಗಿಯನ್ನು ಡಯಾಲಿಸಿಸ್‌ಗೆಂದು ತಲಪಾಡಿ ಗಡಿ ದಾಟಿಸಿ ಕಾಸರಗೋಡಿಗೆ ಕರೆತರುವುದು ಸಲ್ಲದು. ಇಬ್ಬರ ಮಾತನ್ನೂ ನೀವೇ ಅತ್ತಿತ್ತ ಸಾಗಿಸುವ ಬದಲು, ಅವರಿಬ್ಬರೂ ಫೋನಿನಲ್ಲಿ ನೇರವಾಗಿ ಮಾತಾಡುವಂತೆ ಕೇಳಿಕೊಳ್ಳಿರಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇದ್ದರೆ, ಅದು ಮಂಗಳೂರಿನ ಆ ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆಗೆ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಿರಿ.