ಪ್ಲಗ್, ಲಗ್, ಕನೆಕ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಗೀಸರ್ 2000 ವಾಟ್‌ನದು. ಗೋಡೆಯಲ್ಲಿರುವುದು ಸಣ್ಣ ಪಿನ್ನಿನ ಸಾಕೆಟ್ ಆದ್ದರಿಂದ ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್ ಹಾಕಿ ಬಳಸುತ್ತಿದ್ದೆವು. ಕಳೆದ ತಿಂಗಳು ಅದು ಕಪ್ಪಾಗಿ ಕರಗಿಹೋಯಿತು. ಆದರೂ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳಲಿಲ್ಲ. ಇದು ಎಂಸಿಬಿಯ ದೋಷವೇ? (ಹಾಸನದ ಓದುಗರು)

ಉತ್ತರ: ಎಂಸಿಬಿಯಲ್ಲಿ ದೋಷವಿದೆ ಎಂದು ಇದರಿಂದ ಹೇಳಲಾಗದು. ತನ್ನ ಮೂಲಕ ಹರಿಯುವ ಕರೆಂಟ್ ಮಿತಿ ಮೀರಿದಾಗ ಮಾತ್ರ ಅದು ಬೀಳುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಪಿನ್ನು ಸಡಿಲವಾಗಿ ಬಿಸಿಯಾಗುತ್ತಿದ್ದರೆ ಅದು ಎಂಸಿಬಿಗೆ ತಿಳಿಯುವುದಿಲ್ಲ. ನಿಮ್ಮ ಗೀಸರ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್. ಎಂಸಿಬಿಗೆ ಅದು ಹಗುರ, ಆದರೆ 6 ಆಂಪಿಯರ್‌ಗೆಂದು ತಯಾರಾದ ಸಣ್ಣ ಪಿನ್ನಿನ ಸಾಕೆಟ್ಟಿಗೆ ಅತಿಭಾರ. ಪಿನ್ನೂ ಸಾಕೆಟ್ಟಿನೊಳಗಿನ ಲೋಹದ ಪಟ್ಟಿಯೂ ತಾಗುವ ಜಾಗದಲ್ಲಿ 0.1 ಓಮ್‌ನಷ್ಟು ಪ್ರತಿರೋಧವಿದ್ದರೂ, ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ, ಸುಮಾರು ಏಳೂವರೆ ವಾಟ್ ಶಾಖ ಗೋಧಿಕಾಳಿನಷ್ಟು ಜಾಗದಲ್ಲಿ ಸೇರುತ್ತದೆ. ಆ ಬಿಸಿಗೆ ಪಟ್ಟಿಯ ಬಿಗಿತ ಕಡಿಮೆಯಾಗುತ್ತದೆ, ಬಿಗಿತ ಕಡಿಮೆಯಾದಂತೆ ಪ್ರತಿರೋಧ ಏರುತ್ತದೆ, ಪ್ರತಿರೋಧ ಏರಿದಂತೆ ಬಿಸಿಯೂ ಹೆಚ್ಚುತ್ತದೆ.

ಸಣ್ಣ ಪಿನ್ನಿನ ಸಾಕೆಟ್ಟನ್ನು ಫ್ಯಾನು, ಟಿವಿ, ಚಾರ್ಜರ್, ಮಿಕ್ಸಿಗಳಿಗೆ ಬಳಸಬಹುದು. ಗೀಸರ್, ಏಸಿ, ನೀರಿನ ಹೀಟರ್, ಇಂಡಕ್ಷನ್ ಒಲೆಗಳಿಗೆ 16 ಆಂಪಿಯರ್‌ನ ಪವರ್ ಪ್ಲಗ್ಗೇ ಬೇಕು, ಅದರ ಹಿಂದೆ ತಕ್ಕ ದಪ್ಪದ ತಂತಿಯೂ ಇರಬೇಕು. ದೊಡ್ಡ ಪಿನ್ನು ಸಣ್ಣ ತೂತಿಗೆ ಹೋಗದಂತೆ ಮಾಡಿರುವುದು ಈ ಅಪಾಯವನ್ನು ತಡೆಯುವುದಕ್ಕಾಗಿ. ಕನ್ವರ್ಷನ್ ಪ್ಲಗ್ ಆ ತಡೆಯನ್ನೇ ಕಿತ್ತುಹಾಕುತ್ತದೆ. ದಯವಿಟ್ಟು ಅದನ್ನು ಮತ್ತೆ ಕೊಳ್ಳಬೇಡಿ. ಇನ್ನೊಂದು ಮಾತು: ಮೇಲಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು, ಚುಚ್ಚುವಾಗ ಅರ್ಥಿಂಗ್ ಮೊದಲು ಕೂಡಿಕೊಂಡು, ಕೀಳುವಾಗ ಕೊನೆಗೆ ಬಿಡಲಿ ಎಂದು. ಅದನ್ನು ಮುರಿದು ಎರಡು ಪಿನ್ನಿನಲ್ಲಿ ಗೀಸರ್ ನಡೆಸುವವರು, ಸ್ನಾನಕ್ಕೆ ಹೋಗುವ ಮಕ್ಕಳನ್ನೊಮ್ಮೆ ನೆನೆಯಬೇಕು.

ಪ್ರಶ್ನೆ: ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಬರುವ ಅಲ್ಯೂಮಿನಿಯಂ ಕೇಬಲ್ ವರ್ಷಕ್ಕೆರಡು ಬಾರಿ ತುದಿಯಲ್ಲೇ ಸುಡುತ್ತದೆ. ಪ್ರತಿಸಲ ತುದಿ ಕತ್ತರಿಸಿ, ತಾಮ್ರದ ಲಗ್ (ತಂತಿಯ ತುದಿಯನ್ನು ಬೋಲ್ಟಿಗೆ ಕೂಡಿಸುವ ಲೋಹದ ತುಂಡು) ಹಾಕಿ, ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತೇವೆ. (ತುಮಕೂರು ಜಿಲ್ಲೆಯ ರೈತರು)

ಉತ್ತರ: ಕಾರಣಗಳೆಲ್ಲ ನಿಮ್ಮ ಪತ್ರದಲ್ಲೇ ಇವೆ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲೆ ವಿದ್ಯುತ್ತನ್ನು ಬಿಡದ ತೆಳುಪೊರೆ ಕಟ್ಟುತ್ತದೆ. ಅಲ್ಲದೆ ಅದು ಬಿಸಿಗೆ ತಾಮ್ರಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಮೋಟಾರು ನಿಂತು ನಡೆಯುವ ಪ್ರತಿಸಲವೂ ಜೋಡಣೆ ಒಂದಿಷ್ಟು ಸಡಿಲಗೊಳ್ಳುತ್ತದೆ. ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಸುತ್ತಿಗೆಯ ಪೆಟ್ಟಿಗೆ ಲಗ್ ಚಪ್ಪಟೆಯಾದರೂ ಒಳಗಿನ ಎಳೆಗಳೆಲ್ಲ ಸಮನಾಗಿ ಅದುಮಿಕೊಳ್ಳುವುದಿಲ್ಲ.

ಇದಕ್ಕೆಂದೇ ಬೈಮೆಟಲ್ ಲಗ್ ಸಿಗುತ್ತದೆ. ಅದರ ಕೊಳವೆ ಅಲ್ಯೂಮಿನಿಯಂನದು, ಬೋಲ್ಟ್ ಕೂರುವ ಭಾಗ ತಾಮ್ರದ್ದು, ಎರಡನ್ನೂ ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಕೇಬಲ್ಲಿನ ಅಳತೆಗೆ ಸರಿಯಾದದ್ದನ್ನೇ ತನ್ನಿ. ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟಿಲ್ಲವೆಂದು ಪರೀಕ್ಷಿಸಿದ ಮೇಲೆ, ತುದಿಯನ್ನು ತಂತಿ ಬ್ರಷ್ಷಿನಿಂದ ಹೊಳೆಯುವಷ್ಟು ಉಜ್ಜಿ, ಜೋಡಣೆಗೆಂದೇ ಸಿಗುವ ಗ್ರೀಸನ್ನು ತಕ್ಷಣ ಹಚ್ಚಿ, ಲಗ್ಗಿನೊಳಗೆ ತೂರಿಸಿ, ಸಮನಾಗಿ ಅದುಮುವ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಸಬೇಕು. ಆ ಟೂಲ್ ಇರುವ ಎಲೆಕ್ಟ್ರಿಷಿಯನ್‌ಗೆ ಕೊಡುವ ಕೂಲಿ ಒಂದು ಮೋಟಾರ್ ರಿವೈಂಡಿಂಗ್‌ಗಿಂತ ಬಹಳ ಕಡಿಮೆ. ಒಂದು ಫೇಸಿನ ತುದಿ ಸುಟ್ಟು ಮೋಟಾರು ಎರಡೇ ಫೇಸಿನಲ್ಲಿ ನಡೆದರೆ ವೈಂಡಿಂಗ್ ಬೇಗ ಸುಡುತ್ತದೆ.

ಪ್ರಶ್ನೆ: ಸೋಲಾರ್ ಪ್ಯಾನೆಲ್ ತೊಳೆಯುವಾಗ ಅದರ ತಂತಿಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್‌ಗಳನ್ನು ಬಿಚ್ಚಬಹುದೇ? (ಧಾರವಾಡದ ಓದುಗರು)

ಉತ್ತರ: ತೊಳೆಯಲು ಬಿಚ್ಚುವ ಅಗತ್ಯವಿಲ್ಲ. ಕರೆಂಟ್ ಹರಿಯುತ್ತಿರುವಾಗಂತೂ ಬಿಚ್ಚಲೇಬಾರದು. ಮನೆಯ ಎಸಿ (ದಿಕ್ಕು ಬದಲಿಸುತ್ತಲೇ ಇರುವ) ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಅವಕಾಶವಿದೆ. ಒಂದೇ ದಿಕ್ಕಿಗೆ ಹರಿಯುವ ಪ್ಯಾನೆಲ್ಲಿನ ಡಿಸಿಯಲ್ಲಿ ಅದಿಲ್ಲ, ಬಿಚ್ಚಿದ ಎರಡು ತುದಿಗಳ ನಡುವೆ ಬೆಂಕಿಯ ಎಳೆ ನಿಂತುಬಿಡಬಹುದು. ರಿಪೇರಿಗಾಗಿ ಬಿಚ್ಚಲೇಬೇಕಾದರೆ, ಮೊದಲು ಇನ್ವರ್ಟರ್ ನಿಲ್ಲಿಸಿ ಡಿಸಿ ಐಸೊಲೇಟರ್ (ಪ್ಯಾನೆಲ್ಲಿನ ಕಡೆಯ ಸ್ವಿಚ್) ಆಫ್ ಮಾಡಬೇಕು. ಬಿಸಿಲಿರುವವರೆಗೂ ಪ್ಯಾನೆಲ್ಲಿನ ತುದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಆದ್ದರಿಂದ ಈ ಕೆಲಸವನ್ನು ತರಬೇತಿ ಪಡೆದವರಿಂದಲೇ ಮಾಡಿಸಿ.