ತೊಟ್ಟಿನ ಗುಂಡಿಯಲ್ಲಿ ನಿಂತ ನೀರು

ಪ್ರಶ್ನೆ: ಎರಡು ತಳಿಯ ದಪ್ಪ ಮೆಣಸಿನಕಾಯಿ ಹಾಕಿದ್ದೆ. ಒಂದೇ ದಿನ ಕೊಯ್ದು, ಒಂದೇ ನೀರಲ್ಲಿ ತೊಳೆದು ಕ್ರೇಟಿಗೆ ತುಂಬಿದೆವು. ಒಂದು ತಳಿಯ ಕಾಯಿ ಮೂರೇ ದಿನಕ್ಕೆ ತೊಟ್ಟಿನ ಸುತ್ತ ಕೊಳೆತು ನೀರಾಯಿತು. ಇನ್ನೊಂದು ಬಹಳಮಟ್ಟಿಗೆ ಚೆನ್ನಾಗಿದೆ. ಕೊಳೆತ ತಳಿಯ ಬೀಜದ ಪ್ಯಾಕೆಟ್ ಮೇಲೆ ಬ್ಯಾಕ್ಟೀರಿಯಾ ರೋಗ ತಡೆಯುತ್ತದೆ ಅಂತಲೇ ಬರೆದಿತ್ತು. ತಳಿ ಬದಲಿಸಲೇ?

ಉತ್ತರ: ಬದಲಿಸಬಹುದು, ಆದರೆ ಅದಕ್ಕೂ ಮೊದಲು ನಿಮ್ಮ ತೊಳೆಯುವ ನೀರನ್ನು ವಿಚಾರಿಸಿಕೊಳ್ಳಿ.

ನಾನೇ ಒಮ್ಮೆ ಮಾಡಿದ ಕೆಲಸ ಹೇಳುತ್ತೇನೆ, ನಗಬೇಡಿ. ಮಧ್ಯಾಹ್ನದ ಬಿಸಿಲಲ್ಲಿ ಕೊಯ್ದ ಕಾಯಿಯನ್ನು ಹೊಳಪು ಬರಲಿ ಅಂತ ತಣ್ಣೀರಿಗೆ ಮುಳುಗಿಸಿದೆ. ಮೂರನೇ ದಿನ ಕ್ರೇಟಿನ ತಳದಿಂದ ನೀರು ಸೋರುತ್ತಿತ್ತು. ಮೇಲಿನ ಸಾಲಿನ ಒಂದು ಕಾಯಿ ಮಾತ್ರ ಗಟ್ಟಿಯಾಗಿ ಕಂಡಿತು. ತೊಟ್ಟು ಹಿಡಿದು ಎತ್ತಿದರೆ ತೊಟ್ಟಷ್ಟೇ ಕೈಗೆ ಬಂತು. ಕಾಯಿ ನೀರು ತುಂಬಿದ ಚೀಲದ ಹಾಗೆ ಅಲ್ಲೇ ಕೂತಿತ್ತು. ವಾಸನೆಯ ಮಾತು ಬೇಡ.

ಆಗಿದ್ದು ಇಷ್ಟೇ. ಬಿಸಿ ಕಾಯಿ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ. ತೊಟ್ಟು ಕತ್ತರಿಸಿದ ಜಾಗ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ನೀರಿನ ಜೊತೆ ಪೆಕ್ಟೋಬ್ಯಾಕ್ಟೀರಿಯಂ ಎಂಬ ಕೊಳೆಸುವ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಹಳಬರು ಇದನ್ನೇ ಅರ್ವಿನಿಯಾ ಅನ್ನುತ್ತಾರೆ. ಜೀವಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ ಅನ್ನು ಅದು ಕರಗಿಸುತ್ತದೆ. ಅಂಟು ಬಿಟ್ಟ ಮೇಲೆ ಕಾಯಲ್ಲಿ ಇನ್ನೇನು ಉಳಿಯುತ್ತೆ, ನೀರೇ ಅಲ್ವಾ?

ಪ್ಯಾಕೆಟ್ ಸುಳ್ಳು ಹೇಳಿರಲಿಕ್ಕಿಲ್ಲ. ಅಲ್ಲಿ ಬರೆಯುವುದು ಸಾಮಾನ್ಯವಾಗಿ ಎಲೆಚುಕ್ಕೆ ರೋಗದ ವಿಷಯ. ಅದರ ಬ್ಯಾಕ್ಟೀರಿಯಾ ಕ್ಸಾಂಥೋಮೊನಾಸ್, ಅದೇ ಬೇರೆ. ಎಲೆಚುಕ್ಕೆ ತಡೆಯುವ ತಳಿ ಈ ಕೊಳೆರೋಗವನ್ನೂ ತಡೆಯಬೇಕೆಂದಿಲ್ಲ.

ಹಾಗಾದರೆ ತಳಿಯ ಪಾತ್ರ ಏನೂ ಇಲ್ಲವೇ? ಇದೆ. ಎರಡೂ ತಳಿಯ ಒಂದೊಂದು ಕಾಯಿ ಮೇಜಿನ ಮೇಲಿಟ್ಟು ಭುಜ, ಅಂದರೆ ತೊಟ್ಟಿನ ಸುತ್ತಲಿನ ಮೇಲ್ಭಾಗ, ನೋಡಿ. ಕೆಲವು ತಳಿಯಲ್ಲಿ ತೊಟ್ಟು ಗುಂಡಿಯೊಳಗೆ ಕೂತಿರುತ್ತದೆ. ಅಲ್ಲಿಗೆ ಒಂದು ಚಮಚ ನೀರು ಹಾಕಿದರೆ ಹಾಗೇ ನಿಲ್ಲುತ್ತದೆ. ಭುಜ ಉಬ್ಬಿರುವ ಕಾಯಲ್ಲಿ ಜಾರಿಹೋಗುತ್ತದೆ. ನಿಮ್ಮದರಲ್ಲಿ ಕೊಳೆತದ್ದು ಗುಂಡಿಯ ತಳಿಯೇ ಅಂತ ನನ್ನ ಅನುಮಾನ. ಸಿಪ್ಪೆ ಬೇಗ ಬಿರುಕು ಬಿಡುವ ತಳಿಗೂ ಅಪಾಯ ಜಾಸ್ತಿ, ಯಾಕೆಂದರೆ ಈ ಬ್ಯಾಕ್ಟೀರಿಯಾಕ್ಕೆ ಗಾಯವೇ ಬಾಗಿಲು. ಯೂರಿಯಾ ಸುರಿದು ಬೆಳೆಸಿದ ಕಾಯಂತೂ ಯಾವ ತಳಿಯಾದರೂ ಬೇಗ ಸೋಲುತ್ತದೆ.

ಕಾಯಿ ಒಣಗಿರುವಾಗ ಕೊಯ್ಯಿರಿ. ತೊಟ್ಟನ್ನು ಕೀಳದೆ ಶುದ್ಧ ಕತ್ತರಿಯಿಂದ ಕತ್ತರಿಸಿ. ಆಗುವುದಾದರೆ ತೊಳೆಯಲೇಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ತೊಳೆಯಲೇಬೇಕಾದರೆ ನೀರು ಕಾಯಿಗಿಂತ ಸುಮಾರು 5 ಡಿಗ್ರಿ ಬೆಚ್ಚಗಿರಲಿ, ಅದರಲ್ಲಿ ಕ್ಲೋರಿನ್ ಇರಲಿ. ಕ್ಲೋರಿನ್ ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಒಂದು ಕಾಯಿಯದು ಇನ್ನೊಂದಕ್ಕೆ ದಾಟದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಆಮೇಲೆ ಬೇಗ 7–8 ಡಿಗ್ರಿಗೆ ತಂಪು ಮಾಡಿ. ಅದಕ್ಕಿಂತ ಕೆಳಗೆ ಇಳಿಸಬೇಡಿ, ಚಳಿ ತಾಗಿ ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ.

ಮುಂದಿನ ಕೊಯ್ಲಿನಲ್ಲಿ ಪ್ರತಿ ತಳಿಯ 20 ಕಾಯಿ ತೆಗೆದಿಡಿ. ಹತ್ತು ತೊಳೆದದ್ದು, ಹತ್ತು ಒರೆಸಿದ್ದು. ಬೆಚ್ಚಗಿನ ಕೋಣೆಯಲ್ಲಿ ಬೇರೆ ಬೇರೆ ಇಟ್ಟು ದಿನಾ ತೊಟ್ಟಿನ ಬುಡ ಒತ್ತಿ ನೋಡಿ. ತೊಳೆದದ್ದು ಮಾತ್ರ ಮೆತ್ತಗಾದರೆ ಬೀಜ ಹಾಗೇ ಇರಲಿ. ಒರೆಸಿದ್ದೂ ಮೆತ್ತಗಾದರೆ ಆ ತಳಿ ಬಿಡಿ.