ಸಣ್ಣ ಊರಿನ ಪಾಕ್ಶ್ ಫುಟ್‌ಬಾಲ್ ಕ್ಲಬ್ ಹಂಗೇರಿಯ ಮೊದಲ ದರ್ಜೆಯ ಲೀಗ್‌ನಲ್ಲಿ ಹೇಗೆ ಉಳಿದುಕೊಂಡಿದೆ?

ಮುಖ್ಯವಾಗಿ ಎರಡು ಕಾರಣ: ಊರಿನಲ್ಲಿರುವ ಅಣುವಿದ್ಯುತ್ ಸ್ಥಾವರದ ಬೆಂಬಲ, ಮತ್ತು ಹಂಗೇರಿಯ ಆಟಗಾರರನ್ನು ಮಾತ್ರ ಆಡಿಸುವ ಹಟ.

ಪಾಕ್ಶ್ ಡ್ಯಾನ್ಯೂಬ್ ದಡದ ಊರು, ಬುಡಾಪೆಸ್ಟ್‌ನಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರ. ಜನಸಂಖ್ಯೆ 20,000 ಕೂಡ ಇಲ್ಲ. ದೇಶದ ಏಕೈಕ ಅಣುವಿದ್ಯುತ್ ಸ್ಥಾವರ ಇರುವುದು ಇಲ್ಲೇ. ಕ್ಲಬ್‌ನ ಹೆಸರಿನಲ್ಲೂ ಒಂದು ಕಾಲದಲ್ಲಿ ಸ್ಥಾವರದ ಹೆಸರಿತ್ತು. 1952ರಲ್ಲಿ ಹುಟ್ಟಿದ ಕ್ಲಬ್ ಮೊದಲ ದರ್ಜೆಗೆ ಏರಿದ್ದು 2006ರಲ್ಲಿ.

ಆದರೆ ಸ್ಥಾವರದ ಹಣವೊಂದೇ ಕಾರಣ ಎಂದರೆ ಅನ್ಯಾಯವಾದೀತು. ದೊಡ್ಡ ಕ್ಲಬ್‌ಗಳು ವಿದೇಶಿಯರನ್ನು ತಂದಷ್ಟೂ ಅಲ್ಲಿ ಹಂಗೇರಿಯ ಆಟಗಾರರಿಗೆ ಜಾಗ ಕಡಿಮೆಯಾಗುತ್ತದೆ. ಅಂಥವರಿಗೆ ಪಾಕ್ಶ್‌ನಲ್ಲಿ ಬೆಂಚು ಕಾಯುವ ಬದಲು ಮೈದಾನ ಸಿಗುತ್ತದೆ. ಹಾಗಾಗಿ ಬಂದವರು ನಿಲ್ಲುತ್ತಾರೆ, ಹೋದವರೂ ಮರಳುತ್ತಾರೆ. 2012ರಲ್ಲಿ ಫೆರೆಂತ್ಸ್‌ವಾರೋಶ್ ಎಂಬ ದೊಡ್ಡ ಕ್ಲಬ್‌ಗೆ ಹೋದ ಮುನ್ಪಡೆ ಆಟಗಾರ ದಾನಿಯೆಲ್ ಬ್ಯೋದೆ 2019ರಲ್ಲಿ ವಾಪಸ್ ಬಂದರು. ವರ್ಷಗಟ್ಟಲೆ ಜೊತೆಗೆ ಆಡಿದವರ ಹೊಂದಾಣಿಕೆಯನ್ನು ಒಂದು ಋತುವಿನಲ್ಲಿ ದುಡ್ಡು ಕೊಟ್ಟು ಕೊಳ್ಳಲಾಗದು.

ಫಲಿತಾಂಶವೂ ಹಾಗೇ ಇದೆ. ಲೀಗ್‌ನಲ್ಲಿ 2010–11ರಲ್ಲಿ ವಿಡಿಯೋಟನ್ ಕ್ಲಬ್‌ನ ಹಿಂದೆ ಎರಡನೇ ಸ್ಥಾನ, 2023–24ರಲ್ಲಿ ಮತ್ತೆ ಎರಡನೇ ಸ್ಥಾನ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಹಂಗೇರಿಯನ್ ಕಪ್: 2024 ಮತ್ತು 2025ರಲ್ಲಿ ಸತತವಾಗಿ ಗೆದ್ದರು, ಎರಡೂ ಫೈನಲ್‌ಗಳಲ್ಲಿ ಸೋಲಿಸಿದ್ದು ದೇಶದ ಅತ್ಯಂತ ಬಲಿಷ್ಠ ಕ್ಲಬ್ ಫೆರೆಂತ್ಸ್‌ವಾರೋಶ್ ಅನ್ನೇ. ಲೀಗ್ ಪ್ರಶಸ್ತಿಯೊಂದು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.